ಗಳದ ಮೇಲಿನ ಸೀರೆ, ಬಚ್ಚಲ ಹಿಂದಿನ ಬಟ್ಟೆ

ಹಳೆಯ ಮನೆಗಳಲ್ಲಿ ಮಡಿಬಟ್ಟೆಗೆಂದೇ ಒಂದು ಗಳ ಇರುತ್ತಿತ್ತು. ಆಳೆತ್ತರಕ್ಕಿಂತ ಮೇಲೆ, ಮಕ್ಕಳ ಕೈಗೆ ಸಿಗದ ಹಾಗೆ ಕಟ್ಟಿದ ಬಿದಿರು. ಒದ್ದೆ ಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಸುಕ್ಕಿಲ್ಲದಂತೆ ಅದರ ಮೇಲೆ ಹರಡುವ ಅಜ್ಜಿಯರ ಕೈಚಳಕವನ್ನು ನೋಡಿದವರು ಮರೆಯಲಾರರು. ಅದೇ ಮನೆಯಲ್ಲಿ ಇನ್ನೊಂದು ಬಟ್ಟೆಯೂ ಒಣಗಬೇಕಿತ್ತು. ಹಳೆಯ ಪಂಚೆಯದೋ ಸೀರೆಯದೋ ಹರಿದ ತುಂಡು, ಮುಟ್ಟಿನ ದಿನಗಳಿಗೆಂದು ಎತ್ತಿಟ್ಟದ್ದು. ಅದಕ್ಕೆ ಸಿಕ್ಕುತ್ತಿದ್ದ ಜಾಗ ಬಚ್ಚಲ ಹಿಂದಿನ ಗೋಡೆ, ಕೊಟ್ಟಿಗೆಯ ಮೂಲೆ, ಸೌದೆ ರಾಶಿಯ ಸಂದಿ. ತಂತಿಯ ಮೇಲೆಯೇ ಹಾಕಿದರೂ ಮೇಲೊಂದು ಲಂಗ ಹೊದಿಸಿ, ಯಾರ ಕಣ್ಣಿಗೂ ಬೀಳದ ಹಾಗೆ. ಪೂಜೆಯ ಹೊತ್ತಿಗಷ್ಟೇ ಉಡುವ ಸೀರೆಗೆ ಗಾಳಿ ಬೆಳಕು; ಮೈಯ ಅತಿ ನಾಜೂಕಾದ ಚರ್ಮಕ್ಕೆ ಹಗಲು ರಾತ್ರಿ ತಾಗಿಕೊಂಡಿರುವ ಬಟ್ಟೆಗೆ ಕತ್ತಲು ಮತ್ತು ತೇವ.

ನೀರು, ಸ್ನಾನ, ಒಗೆತದ ವಿಷಯದಲ್ಲಿ ನಮ್ಮ ಹೆಂಗಸರು ಅಸಡ್ಡೆ ಮಾಡಿದವರಲ್ಲ. ಎಡವಟ್ಟಾದದ್ದು ಬೇರೆ ಕಡೆ. ಮಡಿಯನ್ನೇ ಶುಚಿ ಎಂದುಕೊಂಡೆವು. ಮಡಿ ಕೇಳುವುದು ಯಾರು ಮುಟ್ಟಿದರು ಎಂದು. ಶುಚಿ ಕೇಳುವುದು ಚೆನ್ನಾಗಿ ಒಣಗಿದೆಯೇ ಎಂದು. ಸೋಪು ಹಾಕಿ ಒಗೆದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಹತ್ತಿಬಟ್ಟೆಗೆ ಮುಟ್ಟಿನ ಮಟ್ಟಿಗೆ ಯಾವ ದೋಷವೂ ಇಲ್ಲ. ದೋಷ ಇರುವುದು ಬಚ್ಚಿಟ್ಟು ಒಣಗಿಸುವುದರಲ್ಲಿ. ಒಡಿಶಾದ ಆಸ್ಪತ್ರೆಗಳಿಗೆ ಬಂದ ಹೆಂಗಸರ ನಡುವೆ ನಡೆದ ಒಂದು ಅಧ್ಯಯನದಲ್ಲಿ, ಬಟ್ಟೆಯನ್ನು ಮನೆಯೊಳಗೇ ಒಣಗಿಸುವುದಕ್ಕೂ ಶಿಲೀಂಧ್ರದ ಸೋಂಕಿಗೂ ನಂಟು ಕಾಣಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ಇಪ್ಪತ್ನಾಲ್ಕರೊಳಗಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೂ ಬಟ್ಟೆ ಬಳಸುತ್ತಿದ್ದರು, ಕೆಲವರು ಪ್ಯಾಡಿನ ಜೊತೆಗೆ, ಕೆಲವರು ಬಟ್ಟೆಯನ್ನಷ್ಟೇ. ಹಾಗಾಗಿ ಬಿಸಿಲಿನ ಮಾತು ಅಜ್ಜಿಯರ ಕಾಲಕ್ಕೆ ಮುಗಿದುಹೋದದ್ದೇನಲ್ಲ.

ಮುಟ್ಟನ್ನು ಮೈಲಿಗೆ ಎನ್ನದೆ ನೋಡಿದವರು ನಮ್ಮಲ್ಲಿ ಇರಲಿಲ್ಲ ಎಂದೂ ಹೇಳುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸಿನ ಸೂತಕವೂ ಒಂದು. ತುಳುನಾಡಿನಲ್ಲಿ ಫೆಬ್ರುವರಿಯ ಎರಡನೇ ವಾರದ ಹೊತ್ತಿಗೆ ಕೆಡ್ಡಸ ಬರುತ್ತದೆ. ಭೂಮಿ ಮುಟ್ಟಾಗುವ ದಿನಗಳೆಂದು ಆಗ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ಮನೆಯ ಹೆಂಗಸು ಅಂಗಳದ ಮಣ್ಣಿಗೆ ಎಣ್ಣೆ, ಅರಸಿನ, ಕುಂಕುಮ ಇಟ್ಟು ಉಪಚರಿಸುತ್ತಾಳೆ. ನೆಲಕ್ಕೆ ಸಿಗುವ ಈ ವಿಶ್ರಾಂತಿ, ಈ ಎಣ್ಣೆಯ ಉಪಚಾರ ಅದೇ ಮನೆಯ ಹೆಣ್ಣಿಗೂ ಸಿಕ್ಕಿತೇ ಎಂಬುದು ಬೇರೆ ಮಾತು. ತುಮಕೂರು, ಚಿತ್ರದುರ್ಗದ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವಳನ್ನೂ ಬಾಣಂತಿಯನ್ನೂ ಊರ ಹೊರಗಿನ ಗುಡಿಸಿಲಲ್ಲಿ ಇರಿಸುವ ಪದ್ಧತಿ ಈ ಶತಮಾನದಲ್ಲೂ ಸುದ್ದಿಯಾಗುತ್ತಲೇ ಬಂದಿದೆ.

ದೇಹ ಮಾತ್ರ ನಮ್ಮ ಯಾವ ಮೈಲಿಗೆಯ ಲೆಕ್ಕವನ್ನೂ ಇಟ್ಟುಕೊಳ್ಳದೆ ತನ್ನ ಪಾಡಿಗೆ ತಾನು ಶುಚಿಯ ಕೆಲಸ ಮಾಡಿಕೊಂಡಿದೆ. ಯೋನಿಯ ಒಳಗೋಡೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ, ಹಾಲನ್ನು ಮೊಸರಾಗಿಸುವ ಬಳಗಕ್ಕೆ ಸೇರಿದವು. 1892ರಲ್ಲಿ ಜರ್ಮನಿಯ ಸ್ತ್ರೀರೋಗ ವೈದ್ಯ ಆಲ್ಬರ್ಟ್ ಡೋಡರ್‌ಲೈನ್ ಇವನ್ನು ವಿವರಿಸಿದ. ಈಸ್ಟ್ರೋಜನ್ ಹಾರ್ಮೋನಿನ ದೆಸೆಯಿಂದ ಆ ಗೋಡೆಯ ಕೋಶಗಳಲ್ಲಿ ಗ್ಲೈಕೋಜನ್ ಕೂಡುತ್ತದೆ. ಅದೇ ಇವುಗಳ ಆಹಾರ. ಅದನ್ನುಂಡು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಆ ಹುಳಿಯಲ್ಲಿ ರೋಗ ತರುವ ಕ್ರಿಮಿಗಳು ಬೇರೂರಲಾರವು. ಹೆರುವ ವಯಸ್ಸಿನ ಆರೋಗ್ಯವಂತ ಹೆಣ್ಣಿನಲ್ಲಿ ಈ ಹುಳಿಯ ಅಳತೆ, ಅಂದರೆ ಪಿಎಚ್, ಸಾಮಾನ್ಯವಾಗಿ 3.8ರಿಂದ 4.5. ಸ್ನಾನದ ಸೋಪಿನದು ಒಂಬತ್ತು ಹತ್ತರ ಆಸುಪಾಸು. ಸೋಪಿನ ನೊರೆಯನ್ನು ಒಳಗಿನವರೆಗೂ ತಿಕ್ಕುವವಳು ಕೊಳೆ ತೆಗೆಯುತ್ತಿದ್ದೇನೆ ಎಂದುಕೊಂಡು ಕಾವಲಿನವರನ್ನೇ ಓಡಿಸುತ್ತಿರುತ್ತಾಳೆ. (ಮೊಸರಿನ ಮಾತು ಬಂತೆಂದು ಅಡುಗೆಮನೆಯ ಮೊಸರನ್ನು ಅಲ್ಲಿಗೆ ಹಚ್ಚುವ ಸಾಹಸ ಬೇಡ. ಅದು ತಟ್ಟೆಯಲ್ಲೇ ಇರಲಿ.)

ಮಾಡಬೇಕಾದದ್ದು ಹೀಗಾಗಿ ಬಹಳ ಕಡಿಮೆ, ಅದನ್ನು ಒಪ್ಪಿಕೊಳ್ಳುವುದೇ ಕಷ್ಟ. ಹೊರಭಾಗವನ್ನು ದಿನಕ್ಕೊಮ್ಮೆ ಬರಿಯ ನೀರಿನಲ್ಲಿ ತೊಳೆದು, ಮೆತ್ತಗೆ ಒತ್ತಿ ಒರೆಸಿಕೊಂಡರೆ ಸಾಕು. ಸೋಪು ಬೇಕೇ ಬೇಕೆನಿಸಿದರೆ ವಾಸನೆಯಿಲ್ಲದ್ದು, ಸೌಮ್ಯವಾದದ್ದು, ಅದೂ ಹೊರಗಿನ ಚರ್ಮಕ್ಕಷ್ಟೇ. ಒಳಗೆ ನೀರು ಹಾಯಿಸುವುದು, ಸ್ನಾನದ ನೀರಿಗೆ ನಂಜುನಿವಾರಕ ಸುರಿದುಕೊಳ್ಳುವುದು, ಪೌಡರು, ಸೆಂಟು, ಇವಾವುದೂ ಬೇಡ. ಶೌಚದ ನಂತರ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಹಿಂದಿನಿಂದ ಮುಂದಕ್ಕೆ ಬರಬಾರದು. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಕರುಳಿನ ಕ್ರಿಮಿಗಳಿಗೆ ಮೂತ್ರಕೋಶ ಅಷ್ಟು ಹತ್ತಿರ. ಪೈಪಿನ ನೀರು ಬಳಸುವಾಗಲೂ ದಿಕ್ಕು ಇದೇ. ಗಂಡನ ಜೊತೆ ಕೂಡಿದ ಮೇಲೆ ಎದ್ದು ಮೂತ್ರ ಮಾಡಿ ಬರುವುದು, ಒಳಉಡುಪು ಹತ್ತಿಯದಾಗಿರುವುದು, ಬೆವರಿದ್ದನ್ನೂ ನೆಂದದ್ದನ್ನೂ ಬೇಗ ಬದಲಿಸುವುದು, ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ತೆಗೆಯುವುದು, ತೆಗೆಯುವ ಮೊದಲೂ ಆಮೇಲೂ ಕೈ ತೊಳೆಯುವುದು. ಮುಟ್ಟಿನ ಕಪ್ ಬಳಸುವವರಿಗೆ ಹನ್ನೆರಡು ಗಂಟೆಯ ಮಿತಿ, ಆ ತಿಂಗಳ ಮುಟ್ಟು ಮುಗಿದ ಮೇಲೆ ಕಪ್ಪಿಗೆ ಕುದಿಯುವ ನೀರಿನ ಸ್ನಾನ. ಕೂದಲನ್ನು ತೆಗೆಯಲೇಬೇಕೆಂಬ ಶುಚಿಯ ನಿಯಮ ಎಲ್ಲೂ ಇಲ್ಲ. ಬ್ಲೇಡಿನ ಸಣ್ಣ ಗಾಯಗಳೇ ಸೋಂಕಿಗೆ ಬಾಗಿಲಾಗುತ್ತವೆ. ಕತ್ತರಿಯಿಂದ ಗಿಡ್ಡ ಮಾಡಿಕೊಂಡರೂ ಆಯಿತು, ಬಿಟ್ಟರೂ ಆಯಿತು.

ಇಷ್ಟು ಅಗ್ಗದ ವಿಷಯದಲ್ಲಿ ಅಂಗಡಿಗೆ ಲಾಭವಿಲ್ಲ. ಆದ್ದರಿಂದ ಅಂಗಡಿ ಇನ್ನೊಂದು ಮಡಿಯನ್ನು ಹುಟ್ಟಿಸಿತು. ಅಮೆರಿಕದಲ್ಲಿ ಕಳೆದ ಶತಮಾನದ ಇಪ್ಪತ್ತು, ಮೂವತ್ತರ ದಶಕಗಳಲ್ಲಿ ನೆಲ ಒರೆಸುವ ಲೈಸಾಲ್ ದ್ರಾವಣವನ್ನೇ ಹೆಂಗಸರ ಒಳಾಂಗದ ಶುಚಿಗೆಂದು ಜಾಹೀರಾತು ಮಾಡಿ ಮಾರುತ್ತಿದ್ದರು. ಗಂಡ ದೂರವಾಗುತ್ತಿದ್ದರೆ ಕಾರಣ ಹೆಂಡತಿಯ ಶುಚಿಯ ಕೊರತೆ ಎಂಬುದು ಆ ಜಾಹೀರಾತುಗಳ ಒಳಮಾತು. ಸುಟ್ಟ ಗಾಯ ಮಾಡಿಕೊಂಡವರಿದ್ದರು, ಸತ್ತವರೂ ಇದ್ದರು. ನಮ್ಮ ಟಿವಿಯಲ್ಲಿ 2012ರಲ್ಲಿ ಬಂದ ಒಂದು ವಾಷ್‌ನ ಜಾಹೀರಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಭಾಗವನ್ನು ಬೆಳ್ಳಗೆ ಮಾಡಿಕೊಡುವ ಭರವಸೆ ಕೊಟ್ಟಿತು. ಮುಖ ತಿರುಗಿಸಿ ಕೂತಿದ್ದ ಗಂಡ ಅದರಿಂದಲೇ ಹತ್ತಿರವಾದ. ಜನ ರೇಗಿದರು, ಬರೆದರು, ನಕ್ಕರು. ಆದರೆ ಆ ಬಗೆಯ ಬಾಟಲಿಗಳೇನೂ ಕಪಾಟಿನಿಂದ ಇಳಿಯಲಿಲ್ಲ. ಬಣ್ಣದ ಮಾತು ಬಿಟ್ಟು ‘ತಾಜಾತನ’ದ ಮಾತು ಹಿಡಿದವು. ಆರೋಗ್ಯವಾಗಿರುವ ಯೋನಿಗೂ ತನ್ನದೊಂದು ಸಣ್ಣ ಹುಳಿವಾಸನೆ ಇರುತ್ತದೆ. ಅಲ್ಲಿಂದ ಮಲ್ಲಿಗೆಯ ಪರಿಮಳ ಬರಬೇಕೆಂದು ಯಾರೂ ಹುಟ್ಟುವಾಗ ಬರೆದುಕೊಂಡು ಬಂದಿಲ್ಲ. ಹಳೆಯ ಮಡಿ ಹೆಣ್ಣನ್ನು ಮೂರು ದಿನ ಹೊರಗೆ ಕೂರಿಸಿತು. ಈ ಹೊಸದು ಮೂವತ್ತು ದಿನವೂ ತನ್ನ ಮೈಯನ್ನು ತಾನೇ ಅನುಮಾನಿಸುವ ಹಾಗೆ ಮಾಡುತ್ತದೆ, ಅದಕ್ಕೆ ದುಡ್ಡನ್ನೂ ಕೀಳುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಬಿಳಿಸೆರಗಿನ ಕಥೆ ಇದಕ್ಕಿಂತ ಗಾಢವಾದದ್ದು. ಹೆಣ್ಣಿನ ಮೈಯಿಂದ ಸ್ವಲ್ಪ ಬಿಳಿಯ ಇಲ್ಲವೇ ತಿಳಿಯಾದ ದ್ರವ ಹೋಗುವುದು ಸಹಜ. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಅದು ಮೊಟ್ಟೆಯ ಲೋಳೆಯಂತೆ ಜಿಗುಟಾಗುತ್ತದೆ, ಬಸಿರಿನಲ್ಲಿ ಹೆಚ್ಚುತ್ತದೆ. ಗಮನಿಸಬೇಕಾದದ್ದು ಅದರ ಸ್ವಭಾವ ಬದಲಾದಾಗ. ಒಡೆದ ಹಾಲಿನ ಗಸಿಯಂತೆ ಬಂದು ತಡೆಯಲಾಗದ ತುರಿಕೆ ಇದ್ದರೆ ಶಿಲೀಂಧ್ರ ಇರಬಹುದು. ಅದು ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು. ಬೂದು ಬಣ್ಣ, ಮೀನಿನ ವಾಸನೆ, ಹಸಿರು ಛಾಯೆಯ ನೊರೆ, ಕಿಬ್ಬೊಟ್ಟೆ ನೋವು, ಜ್ವರ, ಕೂಡಿದ ಮೇಲೆ ರಕ್ತ, ಇವೆಲ್ಲ ವೈದ್ಯರ ಬಳಿ ಹೋಗುವ ಕಾರಣಗಳು. ಮನೆಮದ್ದಿಗೂ ಔಷಧಿ ಅಂಗಡಿಯವನು ಅಂದಾಜಿನಲ್ಲಿ ಕೊಡುವ ಮುಲಾಮಿಗೂ ಇಲ್ಲಿ ಕೆಲಸವಿಲ್ಲ, ಯಾಕೆಂದರೆ ಒಂದೊಂದು ಸೋಂಕಿಗೆ ಔಷಧಿ ಒಂದೊಂದು. ಕೆಲವಕ್ಕೆ ಗಂಡನೂ ಗುಳಿಗೆ ನುಂಗಬೇಕಾಗುತ್ತದೆ. ಈ ಕೊನೆಯ ಸೂಚನೆ ಎಷ್ಟು ಮನೆಗಳಲ್ಲಿ ಪಾಲನೆಯಾಗುತ್ತದೆ ಎಂಬುದನ್ನು ಓದುವವರೇ ಊಹಿಸಿಕೊಳ್ಳಲಿ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದರು. 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ವರದಿ ಜಗತ್ತಿನ ಆರೋಗ್ಯ ತಜ್ಞರನ್ನು ಬೆಚ್ಚಿಬೀಳಿಸಿತು: 92% ಹೆಂಗಸರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು, ಆದರೆ ಅದಕ್ಕೆ ಮೊದಲು ಎಂದಾದರೂ ಅಂಥ ಪರೀಕ್ಷೆ ಮಾಡಿಸಿಕೊಂಡವರು 8% ಮಾತ್ರ. ಬಸಿರು, ಬಾಣಂತನ ಬಿಟ್ಟರೆ ಹೆಣ್ಣಿನ ಒಳಾಂಗಕ್ಕೂ ಆರೋಗ್ಯ ಬೇಕು ಎಂದು ಅಲ್ಲಿಯವರೆಗೆ ಯಾವ ಯೋಜನೆಯೂ ಸರಿಯಾಗಿ ಎಣಿಸಿರಲಿಲ್ಲ. ಮುಂದೆ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇನ್ನೊಂದು ಮುಖವನ್ನು ಕಂಡರು. ಬಿಳಿ ಹೋಗುತ್ತದೆ ಎಂದು ದೂರಿದ ಬಹಳ ಮಂದಿಯಲ್ಲಿ ಸೋಂಕೇ ಇರಲಿಲ್ಲ. ಆ ದೂರಿನ ನಂಟು ಹೆಚ್ಚಾಗಿ ಖಿನ್ನತೆ, ಆತಂಕಗಳ ಜೊತೆಗಿತ್ತು. ಒಂದು ಕಡೆ ರೋಗವಿದ್ದೂ ಬಾಯಿಬಿಡದವರು. ಇನ್ನೊಂದು ಕಡೆ ಮನಸ್ಸಿನ ದುಗುಡ ಹೇಳಿಕೊಳ್ಳಲು ದಾರಿ ಕಾಣದೆ, ವೈದ್ಯರು ಕಿವಿಗೊಡುವ ಹಾಗೆ ಮೈಯ ದೂರೊಂದನ್ನು ಹಿಡಿದು ಬಂದವರು. ಎರಡೂ ಕಡೆ ಬೇಕಾಗಿದ್ದದ್ದು ಕೂತು ಕೇಳುವ ಒಬ್ಬ ವೈದ್ಯೆ.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2015ರ ಆಸುಪಾಸಿನಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಲಂಬಾಣಿ ಹೆಂಗಸರು ಬೀದಿಗಿಳಿದಿದ್ದರು. ಹೊಟ್ಟೆನೋವೆಂದೋ ಬಿಳಿಸೆರಗೆಂದೋ ಖಾಸಗಿ ಆಸ್ಪತ್ರೆಗೆ ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದು ಕಳಿಸಿದ್ದರೆಂಬುದು ಅವರ ದೂರು. ಅವರಲ್ಲಿ ಮೂವತ್ತೈದೂ ದಾಟದವರು ಇದ್ದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರೂ ಹೀಗೆ ಗರ್ಭಕೋಶ ಕಳೆದುಕೊಂಡ ಸುದ್ದಿಯನ್ನು 2019ರಲ್ಲಿ ದೇಶವೆಲ್ಲ ಓದಿತು. ಅಲ್ಲಿ ಮುಟ್ಟಿನ ದಿನ ಕೂಲಿ ತಪ್ಪಬಾರದು ಎಂಬ ಒತ್ತಡವೂ ಸೇರಿಕೊಂಡಿತ್ತು. ತನ್ನ ಮೈಯಿಂದ ಬರುವ ಯಾವುದು ಸಹಜ, ಯಾವುದು ಅಲ್ಲ ಎಂದು ಹದಿನೈದನೇ ವಯಸ್ಸಿನಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ, ಕತ್ತರಿಯ ಎದುರು ಒಂದು ಪ್ರಶ್ನೆಯನ್ನಾದರೂ ಕೇಳುವ ಧೈರ್ಯ ಅವರಿಗೆ ಇರುತ್ತಿತ್ತೇನೋ. ಅರಿವಿನ ಕೊರತೆಯನ್ನು ಅವರ ತಲೆಗೇ ಕಟ್ಟುವುದು ನನ್ನ ಉದ್ದೇಶವಲ್ಲ. ಹೇಳಿಕೊಡಬೇಕಾದವರು ನಾವು, ಓದಿದವರು, ನಾಚಿಕೊಂಡು ಸುಮ್ಮನಿದ್ದೆವು.

ನಾಚದೆ ಕನ್ನಡದಲ್ಲಿ ಬರೆದವರೂ ಇದ್ದಾರೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’ ಪುಸ್ತಕಗಳು ಬಂದದ್ದು ಅಮ್ಮಂದಿರು ಮಗಳಿಗೆ ಹೇಳಲು ಬಾಯಿ ಬಾರದ ಕಾಲದಲ್ಲಿ. ಈಗ ಫೋನಿನಲ್ಲಿ ಎಲ್ಲವೂ ಸಿಗುತ್ತದೆ. ಸಿಗುವುದರಲ್ಲಿ ಅರ್ಧ ಮಾರಾಟದ ಮಾತು, ಇನ್ನರ್ಧ ಹೆದರಿಸುವ ಮಾತು. ಹಾಗಾಗಿ ಹತ್ತು ವರ್ಷದ ಹುಡುಗಿಗೆ ಅಂಗಗಳ ಹೆಸರನ್ನು ಸರಿಯಾಗಿ ಹೇಳಿಕೊಡುವ ಅಮ್ಮ, ಅಜ್ಜಿ, ಟೀಚರ್ ಈಗಲೂ ಬೇಕು. ಅಪ್ಪನೂ ಬೇಕು. ಪ್ಯಾಡಿನ ಪೊಟ್ಟಣವನ್ನು ಕಪ್ಪು ಕವರಿನಲ್ಲಿ ಸುತ್ತಿಸದೆ, ಸಕ್ಕರೆ ಸೋಪಿನ ಜೊತೆ ಚೀಲಕ್ಕೆ ಹಾಕಿಕೊಂಡು ಬರುವ ಅಪ್ಪ ಯಾವ ಉಪನ್ಯಾಸವೂ ಇಲ್ಲದೆ ಅರ್ಧ ಪಾಠ ಮುಗಿಸಿರುತ್ತಾನೆ.

ಒಳ್ಳೆಯ ಅಭ್ಯಾಸಗಳ ಬಗ್ಗೆ ಬರೆಯುವಾಗ ನನಗೆ ಕಾಡುವ ಸಂಕೋಚ ಬೇರೆ. ನಾಲ್ಕಾರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ, ನೀರು ಹೆಚ್ಚು ಕುಡಿಯಿರಿ, ಮೂತ್ರ ತಡೆಹಿಡಿಯಬೇಡಿ ಎಂದು ಬರೆಯುವುದು ಸುಲಭ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸು ಎಂಬ ಲೆಕ್ಕಕ್ಕೆ ಹೊಲಿಯುವವಳು, ಬಸ್ಸಿನ ಕಂಡಕ್ಟರ್, ರಸ್ತೆಯ ನಡುವೆ ನಿಂತ ಟ್ರಾಫಿಕ್ ಪೊಲೀಸ್, ಮಾರುಕಟ್ಟೆಯ ಬಾಗಿಲಲ್ಲಿ ಹೂ ಕಟ್ಟುವವಳು ಇವರೆಲ್ಲ ಬೆಳಗ್ಗೆಯಿಂದ ನೀರೇ ಕುಡಿಯದೆ ಇರುವುದನ್ನು ಕಲಿತಿದ್ದಾರೆ. ಅವರಿಗೆ ಇದೂ ಒಂದು ಅಭ್ಯಾಸ, ಹೊಟ್ಟೆಪಾಡು ಕಲಿಸಿದ್ದು. ಉರಿಮೂತ್ರ ಬಂದಾಗ ಔಷಧಿ ಕೊಡುವ ವೈದ್ಯರು ‘ನೀರು ಕುಡಿಯಮ್ಮ’ ಎನ್ನುತ್ತಾರೆ. ಕುಡಿದ ಮೇಲೆ ಎಲ್ಲಿ ಹೋಗಲಿ ಎಂದು ಅವಳು ಕೇಳುವುದಿಲ್ಲ. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ಕೂರುವ ಹಕ್ಕಿಗಾಗಿ ಹೋರಾಡಿ 2018ರಲ್ಲಿ ಕಾನೂನನ್ನೇ ತಿದ್ದಿಸಿಕೊಂಡರು, ಮತ್ತು ಆ ಹೋರಾಟದಲ್ಲಿ ಶೌಚಾಲಯದ ಬೇಡಿಕೆಯೂ ಇತ್ತು. ಶುಚಿತ್ವದ ಇತಿಹಾಸದಲ್ಲಿ ನಾನು ಅದನ್ನು ಯಾವ ವಾಷ್‌ಗಿಂತಲೂ ದೊಡ್ಡ ಘಟನೆ ಎಂದು ಎಣಿಸುತ್ತೇನೆ.

ಸರ್ಕಾರಗಳು ಏನೂ ಮಾಡಿಲ್ಲ ಎನ್ನಲಾಗದು. ಪ್ಯಾಡಿನ ಮೇಲಿದ್ದ 12% ತೆರಿಗೆ 2018ರಲ್ಲಿ ಹೋಯಿತು. ಕರ್ನಾಟಕದ ‘ಶುಚಿ’ ಯೋಜನೆ 2013–14ರಿಂದ ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಟ್ಟಿತು, ನಡುವೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಶುರುವಾಯಿತು. 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಮುಟ್ಟಿನ ಕಪ್ ಹಂಚುವ ಪ್ರಯೋಗವೂ ನಡೆಯಿತು. ಆದರೆ ಮುಟ್ಟು ಯೋಜನೆಯ ಹಾಗೆ ಕೆಲವು ವರ್ಷ ನಿಂತು ಮತ್ತೆ ಶುರುವಾಗುವುದಿಲ್ಲ. ಪ್ಯಾಡ್ ಕೊಟ್ಟ ಶಾಲೆಯ ಶೌಚಾಲಯಕ್ಕೆ ಚಿಲಕ, ನೀರು, ಬಳಸಿದ್ದನ್ನು ಹಾಕಲು ಮುಚ್ಚಳವಿರುವ ಡಬ್ಬಿ ಇಲ್ಲದಿದ್ದರೆ ಹುಡುಗಿ ಬೆಳಗ್ಗೆ ಹಾಕಿದ್ದನ್ನೇ ಸಂಜೆ ಮನೆಯಲ್ಲಿ ತೆಗೆಯುತ್ತಾಳೆ.

ಮುಟ್ಟು ನಿಂತವರನ್ನು ಈ ಮಾತುಕತೆ ಬಹುತೇಕ ಮರೆತೇಬಿಟ್ಟಿರುತ್ತದೆ. ಈಸ್ಟ್ರೋಜನ್ ಇಳಿದಾಗ ಒಳಗಿನ ಹುಳಿಯೂ ಇಳಿಯುತ್ತದೆ, ಚರ್ಮ ತೆಳುವಾಗಿ ಒಣಗುತ್ತದೆ, ಉರಿ, ಮತ್ತೆ ಮತ್ತೆ ಮೂತ್ರದ ಸೋಂಕು. ವಯಸ್ಸಾಯಿತಲ್ಲ ಎಂದು ಸಹಿಸಿಕೊಳ್ಳುವ ಇದಕ್ಕೆ ವೈದ್ಯರು ಬರೆದುಕೊಡುವ ಸಣ್ಣ ಪ್ರಮಾಣದ ಹಾರ್ಮೋನ್ ಮುಲಾಮು ಇದೆ. ಗರ್ಭಕೋಶ ಜಾರಿ ಹೊರಬಂದದ್ದನ್ನು ಸೀರೆಯೊಳಗೇ ಕಟ್ಟಿಕೊಂಡು ಗದ್ದೆ ಕೆಲಸ ಮಾಡಿದ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಮುದುಕಿಯರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ. ಅದಕ್ಕೂ ಒಳಗೆ ತೊಡಿಸುವ ರಿಂಗ್ ಇದೆ, ವ್ಯಾಯಾಮ ಇದೆ, ಬೇಕಾದರೆ ಶಸ್ತ್ರಕ್ರಿಯೆ ಇದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ವೈದ್ಯರನ್ನು ನೋಡಬೇಕು. ಈ ಒಂದು ವಾಕ್ಯವನ್ನು ಪ್ರತಿಯೊಬ್ಬ ಮಗಳೂ ಮೊಮ್ಮಗಳೂ ಮನೆಯ ಹಿರಿಯಳಿಗೆ ಹೇಳಿಡಲಿ.

ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ ಎಂದು ತೋರಿಸಿದ ಹರಾಲ್ಡ್ ಜುರ್ ಹೌಸನ್‌ಗೆ 2008ರಲ್ಲಿ ನೊಬೆಲ್ ಬಂತು. ಹೀಗಾಗಿ ಇದು ಲಸಿಕೆಯಿಂದ ತಡೆಯಬಹುದಾದ ಕೆಲವೇ ಕ್ಯಾನ್ಸರುಗಳಲ್ಲಿ ಒಂದು. ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಿಗೆ ಹಾಕಿಸಿದರೆ ಹೆಚ್ಚು ಫಲ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ದೊಡ್ಡವರಿಗೆ ಇರುವ ದಾರಿ ತಪಾಸಣೆ. ಆದರೆ ಮೊದಲು ಹೇಳಿದ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮೂವತ್ತರಿಂದ ನಲವತ್ತೊಂಬತ್ತರೊಳಗಿನ ಭಾರತದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಮೂವತ್ತರಿಂದ ಅರವತ್ತೈದರೊಳಗಿನವರೆಲ್ಲ ಐದು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕೆಂಬುದು ಸರ್ಕಾರದ ಸೂಚನೆ. ಪರೀಕ್ಷೆಗೆ ಬೇಕಾದದ್ದು ಒಳ್ಳೆಯ ಬೆಳಕು, ಹತ್ತಿಯ ಉಂಡೆ, ವಿನಿಗರ್‌ನಷ್ಟು ತೆಳುವಾದ ಅಸಿಟಿಕ್ ಆಮ್ಲ, ತರಬೇತಾದ ನರ್ಸು ಇಲ್ಲವೇ ವೈದ್ಯೆ. ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ ಅನುಮಾನದ ಭಾಗವಿದ್ದಲ್ಲಿ ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಚುರುಕೆನ್ನಬಹುದು, ಅಷ್ಟೇ. ಮುಟ್ಟಿನ ದಿನ ಬಿಟ್ಟು ಯಾವತ್ತು ಬೇಕಾದರೂ ಹೋಗಬಹುದು. ಒಬ್ಬಳೇ ಹೋಗಲು ಹಿಂಜರಿಕೆಯಾದರೆ ಓರಗಿತ್ತಿಯನ್ನೋ ಪಕ್ಕದ ಮನೆಯವಳನ್ನೋ ಕರೆದುಕೊಂಡು ಹೋಗುವುದು. ಅವಳಿಗೂ ಮೂವತ್ತು ದಾಟಿರುತ್ತದೆ.